ಬೆಂಚಿನ ಮೇಲೆ ಕೂರಲು ಡಿಗ್ರಿ ಬೇಕಾ?

ಹೋದ ಸಂಚಿಕೆಯಲ್ಲಿ ಜಿಂಬಾಬ್ವೆಯ ಅಜ್ಜಿಯರ ಬಗ್ಗೆ ಎರಡು ಸಾಲು ಬರೆದಿದ್ದೆ. ಆಸ್ಪತ್ರೆ ಅಂಗಳದ ಬೆಂಚಿನ ಮೇಲೆ ಕೂತು ಜನರ ಮನಸ್ಸಿನ ಕಷ್ಟ ಕೇಳುವ ಅಜ್ಜಿಯರು. ಅಷ್ಟೇ ಬರೆದದ್ದು. ಅದಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅರ್ಧ ಜನ "ನಾನೂ ಹೋಗಬೇಕು" ಅಂದಿದ್ದಾರೆ, ಉಳಿದರ್ಧ "ಇದೆಲ್ಲ ಆಗೋ ಮಾತಾ" ಅಂದಿದ್ದಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ಮಾತಾಡೋಣ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ, ನನಗೆ 63 ವರ್ಷ. ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಕಲಿಸಿ ನಿವೃತ್ತಳಾಗಿದ್ದೇನೆ. ಮನೆಯವರು ಹೋಗಿ ಮೂರು ವರ್ಷವಾಯಿತು, ಮಕ್ಕಳು ದೂರ. ಆ ಆಫ್ರಿಕಾದ ಅಜ್ಜಿಯರ ಬಗ್ಗೆ ಇನ್ನಷ್ಟು ಹೇಳ್ತೀರಾ? ಜಾಸ್ತಿ ಓದಿಲ್ಲದವರು ಮನೋವೈದ್ಯರ ಕೆಲಸ ಹೇಗೆ ಮಾಡ್ತಾರೆ? ನನ್ನಂಥವಳು ಅಲ್ಲಿಗೆ ಹೋಗಿ ಸೇವೆ ಮಾಡಬಹುದಾ?
– ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಟೀಚರ್, ಈ ಕಥೆ ಶುರುವಾಗುವುದೇ ಒಂದು ಸಾವಿನಿಂದ. ಡಿಕ್ಸನ್ ಚಿಬಾಂಡಾ ಅಂತ ಹರಾರೆಯ ಮನೋವೈದ್ಯರು. ಸುಮಾರು ಒಂದೂವರೆ ಕೋಟಿ ಜನರ ದೇಶಕ್ಕೆ ಇದ್ದ ಮನೋವೈದ್ಯರು ಬರೀ ಹತ್ತು ಹನ್ನೆರಡು ಮಂದಿ, ಅವರಲ್ಲಿ ಇವರೊಬ್ಬರು. ಅವರ ಹತ್ತಿರ ಚಿಕಿತ್ಸೆಯಲ್ಲಿದ್ದ ಒಬ್ಬ ಹುಡುಗಿ ಮತ್ತೆ ಆಸ್ಪತ್ರೆಗೆ ಬರಬೇಕಿತ್ತು, ಬರಲಿಲ್ಲ. ಪ್ರಾಣ ಕಳೆದುಕೊಂಡಳು ಅಂತ ತಾಯಿಯ ಫೋನ್ ಬಂತು. ಯಾಕೆ ಕರಕೊಂಡು ಬರಲಿಲ್ಲ ಅಂತ ಕೇಳಿದರೆ, ಬಸ್ಸಿಗೆ 15 ಡಾಲರ್ ಇರಲಿಲ್ಲ ಅಂದರಂತೆ. ಜನ ಬರಲಿ ಅಂತ ಡಾಕ್ಟರು ಆಸ್ಪತ್ರೆಯಲ್ಲಿ ಕಾಯುತ್ತಾ ಕೂತರೆ ಆಗದು, ಜನ ಇರುವಲ್ಲಿಗೇ ಏನಾದರೂ ಹೋಗಬೇಕು ಅಂತ ಆ ಮನುಷ್ಯನಿಗೆ ಆಗ ಅನಿಸಿತು.

ಅದರ ಹಿಂದೆಮುಂದೆಯೇ ಇನ್ನೊಂದು ನಡೆದಿತ್ತು. 2005ರಲ್ಲಿ ಅಲ್ಲಿನ ಸರ್ಕಾರ ನಗರಗಳ ಗುಡಿಸಲು, ಬೀದಿಬದಿಯ ಅಂಗಡಿಗಳನ್ನೆಲ್ಲ ಕೆಡವಿ ಹಾಕಿತು. ಅದಕ್ಕೆ ಇಟ್ಟ ಹೆಸರು ಮುರಂಬಟ್ಸ್ವಿನಾ, ಅಂದರೆ ಹೆಚ್ಚುಕಡಿಮೆ ಕಸ ಗುಡಿಸೋದು ಅಂತ. ಕಸ ಯಾರು ಅಂತ ಕೇಳಬೇಡಿ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಸುಮಾರು 7 ಲಕ್ಷ ಜನ ಮನೆಯನ್ನೋ ಹೊಟ್ಟೆಪಾಡನ್ನೋ ಎರಡನ್ನೂ ಒಟ್ಟಿಗೋ ಕಳೆದುಕೊಂಡರು. ಹರಾರೆಯ ಎಂಬಾರೆ ಅನ್ನೋ ಹಳೇ ಬಡಾವಣೆಗೂ ಪೆಟ್ಟು ಬಿತ್ತು. ಅಲ್ಲಿ ಏನಾದರೂ ಮಾಡೋಣ ಅಂತ ಡಾಕ್ಟರು ಹೋದರೆ, ಕ್ಲಿನಿಕ್ಕಿನಲ್ಲಿ ಕೋಣೆ ಖಾಲಿ ಇಲ್ಲ, ನರ್ಸಮ್ಮಂದಿರಿಗೆ ಪುರುಸೊತ್ತಿಲ್ಲ. ಸಿಕ್ಕಿದ್ದು 14 ಜನ ಅಜ್ಜಿಯರು ಮತ್ತು ಹೊರಗಿನ ಅಂಗಳ. 2006ರಲ್ಲಿ ಶುರುವಾಯಿತು.

ಈ ಅಜ್ಜಿಯರು ದಾರಿಯಲ್ಲಿ ಹೋಗುತ್ತಿದ್ದವರಲ್ಲ. ಊರಿನ ಆರೋಗ್ಯದ ಕೆಲಸದಲ್ಲಿ ಮೊದಲೇ ಇದ್ದವರು, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಮನೆಮನೆ ಗೊತ್ತಿದ್ದವರು. ಡಾಕ್ಟರು ಮೊದಲು ಇಟ್ಟ ಹೆಸರಿನಲ್ಲಿ "ಮಾನಸಿಕ ಆರೋಗ್ಯ" ಅನ್ನೋ ಪದ ಇತ್ತು. ಒಬ್ಬರೂ ಬಂದು ಕೂರಲಿಲ್ಲ! ಅಂಥ ಬೋರ್ಡಿನ ಕೆಳಗೆ ನಮ್ಮೂರಲ್ಲಾದರೂ ಯಾರು ಕೂರ್ತಾರೆ ಹೇಳಿ. ಹೆಸರು ಬದಲಿಸು ಅಂದವರು ಅಜ್ಜಿಯರೇ. ಶೋನಾ ಭಾಷೆಯಲ್ಲಿ ಅದಕ್ಕೆ 'ಚಿಗಾರೋ ಚೆಕುಪನಮಜಾನೋ' ಅನ್ನುತ್ತಾರೆ. ಒಬ್ಬರಿಗೊಬ್ಬರು ಬುದ್ಧಿಮಾತು ಹೇಳಿಕೊಳ್ಳುವ ಪೀಠ ಅಂತ ಅರ್ಥ. ಹೊರಗಿನವರಿಗೆ ಅದು ಫ್ರೆಂಡ್‌ಶಿಪ್ ಬೆಂಚ್.

ಡಿಪ್ರೆಶನ್ ಅನ್ನೋ ಪದವನ್ನೂ ಅಜ್ಜಿಯರು ಬಳಸುವುದಿಲ್ಲ. ಶೋನಾದಲ್ಲಿ 'ಕುಫುಂಗಿಸಿಸಾ' ಅಂತ ಒಂದು ಮಾತಿದೆ. ಅತಿಯಾಗಿ ಯೋಚನೆ ಮಾಡೋದು. ನಾವು "ಚಿಂತೆ ಹಚ್ಚಿಕೊಂಡಿದ್ದಾಳೆ" ಅನ್ನುತ್ತೇವಲ್ಲ, ಸರಿಯಾಗಿ ಅದೇ. 14 ಪ್ರಶ್ನೆಗಳ ಒಂದು ಪಟ್ಟಿ ಇದೆ. ನಿದ್ದೆ ಬರ್ತಾ ಇದೆಯಾ, ಸಣ್ಣದಕ್ಕೂ ಸಿಟ್ಟು ಬರುತ್ತಾ, ಅಳಬೇಕು ಅನಿಸುತ್ತಾ, ಸಾಯಬೇಕು ಅನಿಸುತ್ತಾ, ಇಂಥವು. ಹೌದು ಅನ್ನೋ ಉತ್ತರ ಜಾಸ್ತಿ ಬಂದರೆ ಬೆಂಚಿಗೆ ಬರಲು ಹೇಳುತ್ತಾರೆ. ಆಮೇಲಿನದಕ್ಕೆ ಅವರದೇ ಮೂರು ಪದ: ಮನಸ್ಸು ತೆರೆಯೋದು, ಮೇಲೆತ್ತೋದು, ಗಟ್ಟಿ ಮಾಡೋದು. ಬಂದವಳು ತನ್ನ ಕಷ್ಟಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾಳೆ, ಅದರಲ್ಲಿ ಒಂದನ್ನು ಅವಳೇ ಆರಿಸುತ್ತಾಳೆ, ಅದಕ್ಕೆ ಈ ವಾರ ಏನು ಮಾಡಬಹುದು ಅಂತ ಅವಳೇ ಹೇಳುತ್ತಾಳೆ. ಮುಂದಿನ ಸಲ ಬಂದಾಗ ಏನಾಯಿತು ಅಂತ ಅಜ್ಜಿ ಕೇಳುತ್ತಾಳೆ. ಹೀಗೆ ಆರು ಸಲದವರೆಗೆ. ಇಷ್ಟೇನಾ ಅನಿಸಬಹುದು. ಇದನ್ನು ಹರಾರೆಯ 24 ಕ್ಲಿನಿಕ್ಕುಗಳಲ್ಲಿ 573 ಜನರ ಮೇಲೆ ಪರೀಕ್ಷೆ ಮಾಡಿ, 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆರು ತಿಂಗಳ ನಂತರ ನೋಡಿದಾಗ, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ. 50 ಮಂದಿಗೆ ಖಿನ್ನತೆಯ ಲಕ್ಷಣ ಇನ್ನೂ ಉಳಿದಿತ್ತು. ಬೆಂಚಿಗೆ ಬಂದವರಲ್ಲಿ ಶೇ. 14 ಮಂದಿಗೆ. ಡಾಕ್ಟರ ಕೆಲಸವನ್ನು ಇವರು ಮಾಡುತ್ತಾರೆ ಅಂತಲ್ಲ. ಪ್ರಾಣಕ್ಕೆ ಅಪಾಯ ಇದ್ದರೆ, ಇಲ್ಲದ ದನಿ ಕೇಳುತ್ತಿದ್ದರೆ, ಅಜ್ಜಿ ತಾನೇ ನೋಡಿಕೊಳ್ತೀನಿ ಅನ್ನುವುದಿಲ್ಲ, ಮೇಲಿನವರಿಗೆ ಕಳಿಸುತ್ತಾಳೆ. ಯಾವುದು ತನ್ನ ಕೈ ಮೀರಿದ್ದು ಅಂತ ಗುರುತಿಸೋದೇ ತರಬೇತಿಯ ಮುಖ್ಯ ಪಾಠ.

ಈಗ ನಿಮ್ಮ ಕೊನೇ ಪ್ರಶ್ನೆ. ಹೋಗಬಹುದಾ? ಟೀಚರ್, ಬೇಜಾರು ಮಾಡ್ಕೋಬೇಡಿ, ಹೋಗಬೇಡಿ. ಆ ಅಜ್ಜಿಯರ ಶಕ್ತಿ ಇರುವುದು ಅವರ ಭಾಷೆಯಲ್ಲಿ, ಅವರೂ ಅದೇ ಊರಿನ ಕಷ್ಟದಲ್ಲಿ ಬದುಕಿದವರು ಅನ್ನುವುದರಲ್ಲಿ, ಕೆಲವರು ತಮ್ಮ ಮಕ್ಕಳನ್ನು ಎಚ್‌ಐವಿಗೆ ಕೊಟ್ಟು ಮೊಮ್ಮಕ್ಕಳನ್ನು ಸಾಕಿದವರು ಅನ್ನುವುದರಲ್ಲಿ. ನೀವು ಅಲ್ಲಿ ಹೋಗಿ ಕೂತರೆ ನಡುವೆ ಇನ್ನೊಬ್ಬರು ತರ್ಜುಮೆ ಮಾಡಬೇಕು. ಮಗ ಸತ್ತ ಮಾತನ್ನು ತರ್ಜುಮೆಯಲ್ಲಿ ಕೇಳಿಸಿಕೊಂಡು ನೀವು ಏನು ಹೇಳ್ತೀರಿ? ಅದೇ ಧಾರವಾಡದಲ್ಲಿ, "ಯಾಕವ್ವಾ, ಏನಾತು?" ಅಂತ ನೀವು ಕೇಳಿದರೆ ಸಾಕು, ಎದುರಿನವಳಿಗೆ ಅರ್ಧ ಗಂಟಲು ಕಟ್ಟಿ ಬರುತ್ತೆ. 34 ವರ್ಷ ಮಕ್ಕಳ ಮುಖ ನೋಡಿಯೇ ಮನೆಯಲ್ಲಿ ಏನಾಗಿದೆ ಅಂತ ಗೊತ್ತುಮಾಡಿಕೊಂಡವರು ನೀವು. ನಿಮಗೆ ಬೇಕಾದ್ದು ವೀಸಾ ಅಲ್ಲ, ತರಬೇತಿ. ನಿಮ್ಮೂರಲ್ಲೇ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಲ್ಲಿ ಹೋಗಿ, ಸ್ವಯಂಸೇವಕರಿಗೆ ಏನಾದರೂ ಕಲಿಸುತ್ತೀರಾ ಅಂತ ಒಮ್ಮೆ ಕೇಳಿ ನೋಡಿ.

ಪ್ರಶ್ನೆ: ಅಕ್ಕಾ, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ವಿದೇಶದಲ್ಲಿ ಎರಡು ವಾರ ನಿರಾಶ್ರಿತ ಮಕ್ಕಳಿಗೆ ಕೌನ್ಸೆಲಿಂಗ್ ಮಾಡುವ ಸ್ವಯಂಸೇವಕರು ಬೇಕಾಗಿದ್ದಾರೆ ಅಂತ ಜಾಹೀರಾತು ನೋಡಿದೆ. ವಿಮಾನದ ಟಿಕೆಟ್ ಬಿಟ್ಟು ಒಂದು ಲಕ್ಷ ಕಟ್ಟಬೇಕು, ಸರ್ಟಿಫಿಕೇಟ್ ಕೊಡ್ತಾರೆ. ಅಪ್ಪ ಬೇಡ ಅಂತಾರೆ, ನೀವು ಹೇಳಿದ್ರೆ ಕೇಳ್ತಾರೆ.
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ತಮ್ಮಾ, ಅಪ್ಪ ಹೇಳಿದ್ದೇ ಸರಿ.

ಸೇವೆ ಮಾಡುವವನೇ ಲಕ್ಷ ಕಟ್ಟಬೇಕು ಅಂದರೆ ಅಲ್ಲಿ ಗಿರಾಕಿ ಯಾರು ಅಂತ ಯೋಚಿಸು. ನೀನು. ಆ ಮಕ್ಕಳು ಅಂಗಡಿಯಲ್ಲಿಟ್ಟ ಸಾಮಾನು. ಮಾತು ಸ್ವಲ್ಪ ಒರಟಾಯಿತು, ಆದರೂ ಇರಲಿ. ಮನೆಮಠ ಕಳೆದುಕೊಂಡ ಮಗುವಿನ ಹತ್ತಿರ ಹದಿನಾಲ್ಕು ದಿನ ಅಣ್ಣ ಅಣ್ಣ ಅನ್ನಿಸಿಕೊಂಡು ಹದಿನೈದನೇ ದಿನ ವಿಮಾನ ಹತ್ತಿದರೆ, ಬಿಟ್ಟುಹೋದವರ ಪಟ್ಟಿಗೆ ಇನ್ನೊಂದು ಹೆಸರು ಸೇರಿತು, ಅಷ್ಟೇ.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಶ್ರೀಲಂಕಾ ಒಂದರಲ್ಲೇ 30 ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ಅಕ್ಕಿ, ಔಷಧಿ, ಟೆಂಟಿನ ಜತೆ ಕೌನ್ಸೆಲರ್‌ಗಳೂ ದಂಡುದಂಡಾಗಿ ಬಂದಿಳಿದರು. ಸಿಂಹಳ ಬಾರದು, ತಮಿಳು ಬಾರದು. ಆದ ದುರಂತವನ್ನು ಕೂಡಲೇ ಬಾಯಿಬಿಟ್ಟು ಹೇಳಿಸಿದರೆ ಮನಸ್ಸು ಹಗುರಾಗುತ್ತೆ ಅನ್ನುವುದು ಆ ಕಾಲದಲ್ಲಿ ಬಹಳ ಜನರ ನಂಬಿಕೆ. ಆದರೆ ಒಂದೇ ಸಲ ಕೂರಿಸಿ ಎಲ್ಲ ಹೇಳಿಸುವ ಆ ವಿಧಾನವನ್ನು ಪರೀಕ್ಷಿಸಿ ನೋಡಿದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದಾಗ, ಲಾಭ ಕಾಣಲಿಲ್ಲ, ಕೆಲವರಿಗೆ ತೊಂದರೆಯೇ ಜಾಸ್ತಿ ಆದಂತಿತ್ತು. ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಮಾಡಬೇಡಿ ಅನ್ನುತ್ತೆ. 2011ರಲ್ಲಿ ಅವರು ತಂದ ಕೈಪಿಡಿಯ ತಿರುಳು ಮೂರೇ ಮಾತು: ನೋಡು, ಕೇಳು, ಜೋಡಿಸು. ಯಾರಿಗೆ ಏನು ತುರ್ತು ಅಂತ ನೋಡು. ಅವರಾಗಿ ಹೇಳಿದರೆ ಕೇಳು, ಕೆದಕಬೇಡ. ಊಟ, ಔಷಧಿ, ಕಾಣೆಯಾದ ಮಗ, ಏನು ಬೇಕೋ ಅದನ್ನು ಕೊಡುವವರ ಹತ್ತಿರ ಕರೆದುಕೊಂಡು ಹೋಗು. ಇದನ್ನು ಕಲಿಯಲು ಲಕ್ಷ ಬೇಡ. ಮುಂದಿನ ಸಲ ಮಲಪ್ರಭೆಯೋ ಕೃಷ್ಣೆಯೋ ಉಕ್ಕಿ ಜನ ಕಾಳಜಿ ಕೇಂದ್ರಕ್ಕೆ ಬಂದಾಗ ನಿನಗೇ ಬೇಕಾಗುತ್ತೆ.

ಪ್ರಶ್ನೆ: ನಮಸ್ತೆ. ನಾನು ಶಿವಮೊಗ್ಗದವಳು, ಮದುವೆಯಾಗಿ ಲಂಡನ್ನಿಗೆ ಬಂದು ಆರು ವರ್ಷ. ಇಲ್ಲಿನ ಸಮರಿಟನ್ಸ್ ಸಹಾಯವಾಣಿಗೆ ಸ್ವಯಂಸೇವಕಿಯಾಗಿ ಸೇರಬೇಕು ಅಂತ ಆಸೆ. ಆದರೆ ಅಲ್ಲಿ ಸಲಹೆ ಕೊಡೋ ಹಾಗಿಲ್ಲವಂತೆ. ಸಲಹೆ ಕೊಡದೆ ಸಮಾಧಾನ ಹೇಗೆ ಮಾಡೋದು? ನಮ್ಮ ಮನೆಯಲ್ಲಿ ಕೆಮ್ಮಿದರೂ ನಾಲ್ಕು ಜನ ಕಷಾಯ ಹೇಳ್ತಾರೆ. ನನ್ನ ಇಂಗ್ಲಿಷ್ ಬಗ್ಗೆಯೂ ಅಳುಕು ಇದೆ.
– ಲಂಡನ್

ಉತ್ತರ: ಕಷಾಯದ ಮಾತು ಓದಿ ನಗು ಬಂತು. ನನ್ನ ಕಥೆಯೂ ಅದೇ. ಬೆಂಗಳೂರಿನಲ್ಲಿ ಒಂದು ಸಹಾಯವಾಣಿಗೆ ಸೇರಿದ ಹೊಸತು. ರಾತ್ರಿ ಒಬ್ಬ ಹೆಂಗಸು ಫೋನ್ ಮಾಡಿ, ಗಂಡನ ಮನೆಯಲ್ಲಿ ಇರಲಾರೆ ಅಂದಳು. ನಾನು ಎರಡೇ ನಿಮಿಷ ಕೇಳಿ, ತವರಿಗೆ ಹೋಗಮ್ಮಾ, ಮುಂದಿನದು ಆಮೇಲೆ ನೋಡೋಣ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ತವರಲ್ಲಿ ಯಾರೂ ಇಲ್ಲ ಮೇಡಂ, ಅದನ್ನೇ ಹೇಳೋಕೆ ಹೊರಟಿದ್ದೆ" ಅಂತ ಫೋನ್ ಇಟ್ಟಳು. ಅವಳು ಮತ್ತೆ ಮಾಡಲಿಲ್ಲ. ಎಷ್ಟೋ ವರ್ಷವಾಯಿತು, ಆ ಸದ್ದಿಲ್ಲದ ಹೊತ್ತು ಇನ್ನೂ ಕಿವಿಯಲ್ಲಿದೆ. ಸಲಹೆ ಕೊಡೋದರಲ್ಲಿ ಇರುವ ತೊಂದರೆ ಅದು, ಕೊಟ್ಟವರಿಗೆ ಕೆಲಸ ಮುಗಿದ ಹಾಗೆ ಅನಿಸುತ್ತೆ.

ನೀವು ಸೇರಬೇಕು ಅಂತಿರುವ ಸಂಸ್ಥೆ ಹುಟ್ಟಿದ್ದೂ ಒಂಥರಾ ಹೀಗೆಯೇ. ಚ್ಯಾಡ್ ವಾರಾ ಅಂತ ಒಬ್ಬ ಪಾದ್ರಿ. ಹೊಸದಾಗಿ ಪಾದ್ರಿಯಾದಾಗ 14 ವರ್ಷದ ಹುಡುಗಿಯೊಬ್ಬಳ ಅಂತ್ಯಸಂಸ್ಕಾರ ಮಾಡಿಸಿದ್ದರು. ಮುಟ್ಟಾದದ್ದನ್ನು ಯಾವುದೋ ಕೆಟ್ಟ ರೋಗ ಅಂದುಕೊಂಡು ಪ್ರಾಣ ಕಳೆದುಕೊಂಡವಳು. ಕೇಳಲು ಅವಳಿಗೆ ಒಬ್ಬರೂ ಇರಲಿಲ್ಲ. 1953ರ ನವೆಂಬರಿನಲ್ಲಿ ಲಂಡನ್ನಿನ ತಮ್ಮ ಚರ್ಚಿನಲ್ಲಿ ಒಂದು ಫೋನ್ ಇಟ್ಟು, ಸಾಯಬೇಕು ಅನಿಸಿದವರು ಮಾತಾಡಲು ಬನ್ನಿ ಅಂದರು. ಜನ ಬಂದು ಸಾಲು ಕೂತರು. ಕಾಯುವವರಿಗೆ ಟೀ ಕೊಡಲು ಕೆಲವು ಸ್ವಯಂಸೇವಕರು ಇದ್ದರು. ಸ್ವಲ್ಪ ದಿನದಲ್ಲಿ ಪಾದ್ರಿ ಗಮನಿಸಿದರು, ಟೀ ಕೊಟ್ಟವರ ಹತ್ತಿರವೇ ಮಾತಾಡಿ ಎಷ್ಟೋ ಜನ ಹಗುರಾಗಿ ಎದ್ದು ಹೋಗುತ್ತಿದ್ದಾರೆ, ತನ್ನ ಹತ್ತಿರ ಬರುವ ಅಗತ್ಯವೇ ಇಲ್ಲ! 1954ರ ಫೆಬ್ರವರಿಯಲ್ಲಿ ಫೋನನ್ನೇ ಅವರ ಕೈಗೆ ಕೊಟ್ಟುಬಿಟ್ಟರು. ಆಗ ಇಂಗ್ಲೆಂಡಿನಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸುವುದು ಅಪರಾಧ, ಕಾನೂನು ಬದಲಾದದ್ದು 1961ರಲ್ಲಿ. ಅಂದರೆ ಪೊಲೀಸರ ಹೆದರಿಕೆ ಇದ್ದ ಕಾಲದಲ್ಲಿ ಜನ ಆ ನಂಬರಿಗೆ ಫೋನ್ ಮಾಡುತ್ತಿದ್ದರು. ಫೋನ್ ಮಾಡಿದವರ ಗುಟ್ಟು ಕಾಯುವುದಕ್ಕೆ ಸಮರಿಟನ್ಸ್‌ನವರು ಅಷ್ಟು ಬೆಲೆ ಕೊಡುವುದು ಸುಮ್ನೆ ಅಲ್ಲ. (ನಮ್ಮಲ್ಲಿ ಆ ಶಿಕ್ಷೆಯ ಭಯ ಹೋದದ್ದು 2017ರ ಮಾನಸಿಕ ಆರೋಗ್ಯ ಕಾಯ್ದೆಯಿಂದ.)

ಇಂಗ್ಲಿಷಿನ ಅಳುಕು ಬಿಡಿ. ಶಿವಮೊಗ್ಗದ ಇಂಗ್ಲಿಷಿನಲ್ಲಿ "ಹೂಂ, ಆಮೇಲೆ?" ಅನ್ನೋದು ಬಂದರೆ ಮುಕ್ಕಾಲು ಕೆಲಸ ಆದ ಹಾಗೆ. ತರಬೇತಿ ಅವರೇ ಕೊಡುತ್ತಾರೆ, ಹೊಸಬರ ಜತೆ ಹಳಬರೊಬ್ಬರು ಕೂರುತ್ತಾರೆ. ಸಲಹೆ ಬಾಯಿಗೆ ಬಂದಾಗಲೆಲ್ಲ ಒಂದು ಗುಟುಕು ನೀರು ಕುಡಿಯಿರಿ. ನಾನು ಹಾಗೇ ಕಲಿತದ್ದು, ಮೊದಲ ತಿಂಗಳು ಬಾಟಲಿಗಟ್ಟಲೆ ನೀರು ಕುಡಿದೆ.

ಪ್ರಶ್ನೆ: ಹೊಟ್ಟೆಗಿಲ್ಲದವರಿಗೆ ಕೌನ್ಸೆಲಿಂಗ್ ಅಂತೆ! ಮನೆ ಹೋದವರಿಗೆ ಮನೆ ಕೊಡಿ, ಸಾಲ ಇದ್ದವರಿಗೆ ಸಾಲ ತೀರಿಸಿ. ಕಷ್ಟ ಕೇಳಿ ತಲೆ ಅಲ್ಲಾಡಿಸಿದರೆ ಯಾರ ಹೊಟ್ಟೆ ತುಂಬುತ್ತೆ?
– ರಾಯಚೂರು

ಉತ್ತರ: ಸರ್, ಅರ್ಧ ನಿಮ್ಮ ಪಾರ್ಟಿಯೇ ನಾನು. ಶ್ರೀಲಂಕಾದಲ್ಲಿ 1995ರಲ್ಲಿ ಲಕ್ಷಕ್ಕೆ 47 ಮಂದಿ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದರು. ಹತ್ತು ವರ್ಷದಲ್ಲಿ ಅದು ಅರ್ಧಕ್ಕಿಳಿಯಿತು. ಕೊಲಂಬೊದಲ್ಲಿ 1974ರಿಂದ ಸುಮಿತ್ರಯೋ ಅನ್ನೋ ಸಂಸ್ಥೆಯ ಸ್ವಯಂಸೇವಕರು ಜನರ ಮಾತು ಕೇಳುತ್ತಲೇ ಇದ್ದಾರೆ, ದೊಡ್ಡ ಕೆಲಸ. ಆದರೂ ಅಂಕಿ ಇಳಿದದ್ದಕ್ಕೆ ತಜ್ಞರು ಮುಖ್ಯವಾಗಿ ಬೊಟ್ಟುಮಾಡುವುದು ಅತಿ ವಿಷಕಾರಿ ಕೀಟನಾಶಕಗಳ ನಿಷೇಧದ ಕಡೆಗೆ. ನಮ್ಮ ದಕ್ಷಿಣ ಕನ್ನಡ, ಕಾಸರಗೋಡಿನವರಿಗೆ ಚೆನ್ನಾಗಿ ಗೊತ್ತಿರುವ ಎಂಡೋಸಲ್ಫಾನನ್ನು ಅವರು 1998ರಲ್ಲೇ ನಿಲ್ಲಿಸಿದರು. ಕಾನೂನು ಮಾಡಬೇಕಾದ್ದನ್ನು ಮಾತು ಮಾಡಲಾರದು, ಒಪ್ಪಿದೆ.

ಆದರೆ ಹರಾರೆಯ ಅಜ್ಜಿಯರು ತಲೆ ಅಲ್ಲಾಡಿಸಿ ಕಳಿಸುವುದಿಲ್ಲ. ಬಾಡಿಗೆ ಕಟ್ಟಲಾಗದ್ದು, ಗಂಡ ಹೊಡೆಯುವುದು, ಅಲ್ಲಿಂದಲೇ ಮಾತು ಶುರು. ಬೆಂಚಿನ ಸರದಿ ಮುಗಿದ ಹೆಂಗಸರು ಗುಂಪಾಗಿ ಸೇರುತ್ತಾರೆ, 'ಕುಬತನ ತೋಸೆ' ಅಂತ ಹೆಸರು, ಕೈ ಕೈ ಹಿಡಿಯೋಣ ಅಂತ ಅರ್ಥ. ಅಲ್ಲಿ ಹಳೇ ಪ್ಲಾಸ್ಟಿಕ್ ಎಳೆಗಳಿಂದ ಬ್ಯಾಗ್ ಹೆಣೆದು ಮಾರುತ್ತಾರೆ. ನಮ್ಮ ಸ್ವಸಹಾಯ ಸಂಘದ ಹಾಗೆ. ಕೈಗೆ ನಾಲ್ಕು ಕಾಸು, ಮಾತಿಗೆ ನಾಲ್ಕು ಜನ. ಇನ್ನೊಂದು ನೋಡಿ. ರಾತ್ರಿ ನಿದ್ದೆ ಇಲ್ಲದೆ, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲಾಗದವನಿಗೆ ಸಾಲಮನ್ನಾದ ಅರ್ಜಿ ತುಂಬಲು ಕೂಡ ಆಗುವುದಿಲ್ಲ. ಅವನನ್ನು ಎಬ್ಬಿಸಿ ಬ್ಯಾಂಕಿನ ಬಾಗಿಲವರೆಗೆ ನಡೆಸುವುದು ಯಾರ ಕೆಲಸ?

ಪ್ರಶ್ನೆ: ಅಕ್ಕಾ, ನಾನು ಕುಂದಾಪುರದವ, ಶಾರ್ಜಾದಲ್ಲಿ ಸೂಪರ್‌ವೈಸರ್. ರೂಮಲ್ಲಿ ಎಂಟು ಜನ. ಕಲಬುರಗಿ ಕಡೆ ಹುಡುಗ ಒಬ್ಬ ಎರಡು ವಾರದಿಂದ ಸರಿ ಊಟ ಮಾಡುದಿಲ್ಲ, ರಾತ್ರಿ ಮುಸುಕು ಹಾಕಿ ಅಳ್ತಾ ಇರ್ತಾನೆ. ಏಜೆಂಟಿಗೆ ಕೊಟ್ಟ ಸಾಲ ಉಂಟಂತೆ. ಕೇಳಿದರೆ "ಏನಿಲ್ಲಣ್ಣ" ಅಂತಾನೆ. ನಾನು ಡಾಕ್ಟರಲ್ಲ, ಎಂತ ಮಾಡುದು?
– ಶಾರ್ಜಾ

ಉತ್ತರ: ಬಂದ ಪತ್ರಗಳಲ್ಲಿ ಇದನ್ನೇ ಮೊದಲು ಓದಿದೆ. ಅಂಚೆಗೆ ಕಾಯದೆ ನಿಮಗೆ ಆಗಲೇ ಬರೆದಿದ್ದೇನೆ, ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ.

ಎಂಟು ಜನರ ಎದುರು ಕೇಳಿದರೆ ಯಾವ ಗಂಡಸೂ "ಏನಿಲ್ಲಣ್ಣ" ಅಂತಲೇ ಅನ್ನುತ್ತಾನೆ. ಶುಕ್ರವಾರವೋ ಭಾನುವಾರವೋ, ರಜೆ ನೋಡಿಕೊಂಡು ಅವನೊಬ್ಬನನ್ನೇ ಹೊರಗೆ ಕರೆದುಕೊಂಡು ಹೋಗಿ, ಒಂದು ಚಹಾ ಕುಡಿಯಿರಿ. ಎದುರುಬದುರು ಕೂರುವುದಕ್ಕಿಂತ ಜತೆಗೆ ನಡೆಯುವಾಗ ಮಾತು ಸಲೀಸು. "ಎರಡು ವಾರದಿಂದ ನೋಡ್ತಾ ಇದ್ದೇನೆ, ಊಟ ಬಿಟ್ಟಿದ್ದೀಯ, ರಾತ್ರಿ ಅಳ್ತೀಯ" ಅಂತ ನೀವು ಕಂಡದ್ದನ್ನೇ ಹೇಳಿ. ಗಂಡಸಾಗಿ ಅಳ್ತೀಯಾ, ಧೈರ್ಯ ತಗೋ, ನನಗೂ ಸಾಲ ಇತ್ತು, ಇವು ಮೂರೂ ಬೇಡ. ಆಮೇಲೆ ನೇರವಾಗಿ ಕೇಳಿಬಿಡಿ, "ಸಾಯಬೇಕು ಅಂತ ಅನಿಸ್ತಾ ಇದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅನ್ನೋ ಹೆದರಿಕೆ ಎಲ್ಲರಿಗೂ ಇದೆ. ಹಾಗಾಗುವುದಿಲ್ಲ. ಒಬ್ಬನೇ ಹೊತ್ತುಕೊಂಡಿದ್ದನ್ನು ಇಳಿಸಲು ಜಾಗ ಸಿಕ್ಕ ಹಾಗಾಗುತ್ತೆ.

ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ, ಯಾರಿಗೂ ಹೇಳಲ್ಲ ಅಂತ ಮಾತೂ ಕೊಡಬೇಡಿ. ಕೂಡಲೇ ಅಪಾಯ ಅನಿಸಿದರೆ 998ಕ್ಕೆ ಆಂಬುಲೆನ್ಸ್. ಇಲ್ಲ ಅಂದರೂ ದುಬೈಯಲ್ಲಿರುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಮಾಡಿ: 800 46342, ಕರೆಗೆ ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ. ಸಂಬಳ, ಪಾಸ್‌ಪೋರ್ಟ್, ಏಜೆಂಟಿನ ತಕರಾರುಗಳ ಜತೆ ಮನಸ್ಸಿನ ವಿಷಯಕ್ಕೂ ಅಲ್ಲಿ ಕೌನ್ಸೆಲಿಂಗ್ ಇದೆ. ಸಾಲದ ವಿಷಯ ನೀವು ಪರಿಹರಿಸಲು ಹೋಗಬೇಡಿ, ಅದನ್ನು ಅವರಿಗೆ ಹೇಳಲು ಅವನ ಪಕ್ಕ ಕೂತಿರಿ. ಊರಲ್ಲಿ ಅವನ ಹೆಂಡತಿಗೋ ತಾಯಿಗೋ ದಿಗಿಲಾಗಿದ್ದರೆ ಅವರು ಟೆಲಿ ಮಾನಸ್ 14416ಕ್ಕೆ ಮಾಡಬಹುದು, ಹಗಲು ರಾತ್ರಿ, ಕನ್ನಡದಲ್ಲೇ.

ಇದನ್ನು ಬರೆಯುವಾಗ ಒಂದು ನೆನಪಾಯಿತು. 2022ರ ಫುಟ್‌ಬಾಲ್ ವಿಶ್ವಕಪ್‌ಗೆ ಕತಾರಿನಲ್ಲಿ 32 ತಂಡಗಳ ಹೆಸರಲ್ಲಿ 32 ಫ್ರೆಂಡ್‌ಶಿಪ್ ಬೆಂಚ್ ಇಟ್ಟಿದ್ದರು, ಜಿಂಬಾಬ್ವೆಯದ್ದೇ ಮಾದರಿ. ನೋಡಲು ಚೆನ್ನಾಗಿತ್ತು. ಆ ಸ್ಟೇಡಿಯಂ ಕಟ್ಟಿದವರ ರೂಮುಗಳಲ್ಲಿ ಎಷ್ಟು ಬೆಂಚ್ ಬೇಕಿತ್ತೋ. ಮೂರು ದಿನದ ನಂತರ ನಿಮ್ಮಿಂದ ಉತ್ತರ ಬಂತು, ಹುಡುಗ ಮಾತಾಡಿದ, ಎರಡು ಚಪಾತಿ ತಿಂದ ಅಂತ. ಅದನ್ನೂ ಇಲ್ಲಿ ಹಾಕಬಹುದು ಅಂದಿದ್ದೀರಿ, ಹಾಕಿದ್ದೇನೆ.

ಪ್ರಶ್ನೆ: ನಾನು ಮಂಗಳೂರಿನವಳು, ಕಾಕ್ಸ್ ಬಜಾರಿನಲ್ಲಿ ಒಂದು ಸಂಸ್ಥೆಯ ನರ್ಸ್. ರೊಹಿಂಗ್ಯಾ ಶಿಬಿರಗಳಲ್ಲಿ ಅವರವರೇ ಸ್ವಯಂಸೇವಕರಾಗಿ ಮನೆಮನೆಗೆ ಹೋಗಿ ಜನರ ದುಃಖ ಕೇಳುತ್ತಾರೆ. ಅವರಲ್ಲೊಬ್ಬಳು ಈಚೆಗೆ ಮಾತೇ ಕಡಿಮೆ ಮಾಡಿದ್ದಾಳೆ. ಕೇಳುವವರ ಕಷ್ಟ ಯಾರು ಕೇಳಬೇಕು?
– ಕಾಕ್ಸ್ ಬಜಾರ್, ಬಾಂಗ್ಲಾದೇಶ

ಉತ್ತರ: ಸಿಸ್ಟರ್, ನೀವು ಅಲ್ಲಿ ಇದ್ದು ನೋಡುತ್ತಿರುವವರು, ನಾನು ಇಲ್ಲಿ ಫ್ಯಾನಿನ ಕೆಳಗೆ ಕೂತವಳು. ಆದರೂ ಕೇಳಿದ್ದೀರಿ ಅಂತ ಹೇಳುತ್ತೇನೆ.

2017ರ ಆಗಸ್ಟ್ 25ರ ನಂತರ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಮ್ಯಾನ್ಮಾರ್ ಬಿಟ್ಟು ಬಂದರಲ್ಲ, ಆ ಸ್ವಯಂಸೇವಕಿಯೂ ಅವರಲ್ಲೊಬ್ಬಳು. ಲಂಡನ್ನಿನ ಸ್ವಯಂಸೇವಕಿ ಫೋನ್ ಇಟ್ಟು ಮನೆಗೆ ಹೋಗುತ್ತಾಳೆ, ಇವಳು ಕೇಳಿದ ಕಥೆಯೊಳಕ್ಕೇ ಮಲಗಲು ಹೋಗುತ್ತಾಳೆ. ಪಕ್ಕದ ಬಿದಿರು ಗುಡಿಸಲಿನವಳ ಕಥೆ ಇವಳದ್ದೂ ಹೌದು. ಇನ್ನು ಅಲ್ಲಿ 'ಸ್ವಯಂಸೇವಕ' ಅನ್ನೋ ಪದವೇ ಒಂದು ಮುಸುಕು. ನಿರಾಶ್ರಿತರು ಸಂಬಳಕ್ಕೆ ದುಡಿಯಲು ಅಲ್ಲಿ ಅನುಮತಿ ಇಲ್ಲ, ಅದಕ್ಕೇ ಗಂಟೆಗಿಷ್ಟು ಅಂತ ಗೌರವಧನ ಕೊಟ್ಟು ಆ ಹೆಸರಿನಲ್ಲಿ ಕರೆಯುತ್ತಾರೆ. ಅವಳಿಗೆ ಇದು ಪುಣ್ಯದ ಕೆಲಸವೂ ಹೌದು, ಅನ್ನದ ಕೆಲಸವೂ ಹೌದು. ಹಾಗಾಗಿ ಸುಸ್ತಾಗಿದೆ ಅಂತ ಬಾಯಿಬಿಟ್ಟು ಹೇಳಲು ಹೆದರುತ್ತಾಳೆ. ವಿಶ್ರಾಂತಿ ತಗೊಂಡರೆ ದುಡ್ಡು ಹೋಗುತ್ತೆ. ನಿಮ್ಮ ಸಂಸ್ಥೆಯಲ್ಲಿ ಮೊದಲು ಇದನ್ನು ಎತ್ತಿ: ವಿಶ್ರಾಂತಿಯ ದಿನಕ್ಕೂ ಗೌರವಧನ ಕೊಡಿ ಅಂತ.

ಎರಡನೆಯದು ವಾರದ ಕೂಟ. ಹರಾರೆಯ ಅಜ್ಜಿಯರಾಗಲಿ, ಐದು ಭೇಟಿಗಳಲ್ಲಿ ಕಷ್ಟ ಕೇಳಿ ದಾರಿ ಹುಡುಕುವ ವಿಶ್ವ ಆರೋಗ್ಯ ಸಂಸ್ಥೆಯ ವಿಧಾನವನ್ನು ಪೆಶಾವರದಲ್ಲಿ, ನೈರೋಬಿಯಲ್ಲಿ ಮಾಡಿದ ಸಾಮಾನ್ಯ ಜನರಾಗಲಿ, ಯಾರೂ ಒಂಟಿಯಾಗಿ ಮಾಡಿದವರಲ್ಲ. ಅವರ ಮೇಲೆ ಒಬ್ಬರು ಕಲಿತವರಿದ್ದರು, ತಪ್ಪದೆ ಕೂತು ಅವರ ಮಾತು ಕೇಳಿದರು. ಎಷ್ಟು ಮನೆಗೆ ಹೋದೆ ಅನ್ನೋ ಲೆಕ್ಕ ಕೇಳುವ ಮೀಟಿಂಗ್ ಅಲ್ಲ, ಯಾವ ಮನೆಯಿಂದ ಹೊರಗೆ ಬರಲು ಕಷ್ಟವಾಯಿತು ಅಂತ ಕೇಳುವ ಕೂಟ. ಬಜೆಟ್ ಕಡಿತವಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ, ನೋಡಿದ್ದೇನೆ. ನಿಮ್ಮ ಹುಡುಗಿಗೆ ಸದ್ಯಕ್ಕೆ ಹೊಸ ಮನೆ ಕೊಡಬೇಡಿ, ಆದರೆ ಗುಂಪಿನಿಂದ ತೆಗೆಯಬೇಡಿ. ಮತ್ತೆ ನೀವು, ನಿಮ್ಮ ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ, ಮಾತಾಡಲು ಯಾರಿದ್ದಾರೆ ನಿಮಗೆ? ಬರೆಯಿರಿ.

ಪ್ರಶ್ನೆ: ನಾವು ಐದಾರು ಜನ ದಿನಾ ಸಂಜೆ ಅರಳಿಕಟ್ಟೆ ಮೇಲೆ ಕೂತು ಊರಿನೋರ ಕಷ್ಟ ಸುಖ ಎಲ್ಲ ಮಾತಾಡ್ತೀವಿ. ನಾವೂ ಕೌನ್ಸೆಲರ್‌ಗಳೇ ಅಲ್ವಾ?
– ಮಂಡ್ಯ

ಉತ್ತರ: ಅಲ್ಲ ಅಣ್ಣಾ. ಬೆಂಚಿನಲ್ಲಿ ಇಬ್ಬರೇ. ಕಟ್ಟೆಯಲ್ಲಿ ಹೇಳಿದ್ದು ರಾತ್ರಿ ಊಟದ ಹೊತ್ತಿಗೆ ಪಾಂಡವಪುರ ಮುಟ್ಟಿರುತ್ತೆ.

ಆದರೆ ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣ ಇದೆ. ಹರಾರೆಯ ಆ 573 ಜನರಲ್ಲಿ 495 ಮಂದಿ ಹೆಂಗಸರು. ಗಂಡಸರು ಬೆಂಚಿನ ಹತ್ತಿರ ಬರುವುದೇ ಕಡಿಮೆ. ಅಲ್ಲೂ ಅದೇ, ಶಾರ್ಜಾದ ರೂಮಿನಲ್ಲೂ ಅದೇ, ನಿಮ್ಮ ಕಟ್ಟೆಯಲ್ಲೂ ಅದೇ ಇರಬೇಕು. ನಿಮ್ಮ ಐದಾರು ಜನರಲ್ಲಿ ಈಚೆಗೆ ಬರುವುದನ್ನು ನಿಲ್ಲಿಸಿದವರು ಯಾರಾದರೂ ಇದ್ದಾರಾ? ಇದ್ದರೆ ನಾಳೆ ಕಟ್ಟೆಗೆ ಹೋಗುವ ಮೊದಲು ಅವರ ಮನೆ ಕಡೆ ಒಬ್ಬರೇ ಹೋಗಿ ಬನ್ನಿ. ಉಳಿದವರಿಗೆ ಹೇಳಬೇಡಿ.